ಬ್ಯಾಂಡ್ ಅರ್ಧ, ನಾವು ಅರ್ಧ: ಐರನ್ ಮೇಡನ್ ಅಭಿಮಾನಿಯೊಬ್ಬನ ಮಾತು

ಬಸ್ಸಲ್ಲೋ, ಮೆಟ್ರೋದಲ್ಲೋ, ಅಡುಗೆಮನೇಲಿ ಪಾತ್ರೆ ತೊಳೀತಾನೋ ಇದನ್ನ ಕೇಳ್ತಾ ಇರೋ ಎಲ್ಲರಿಗೂ ಸ್ವಾಗತ. ಇವತ್ತು ನಾನು ಮಾತಾಡೋದು ಒಂದು ಬ್ಯಾಂಡ್ ಬಗ್ಗೆ. ಹೆಸರು ಐರನ್ ಮೇಡನ್. ಹಾಡು ಕೇಳಿಲ್ಲ ಅಂದ್ರೂ ಟೀ ಶರ್ಟ್ ಅಂತೂ ನೋಡಿರ್ತೀರಿ. ಎಲುಬು ಕಾಣೋ ಮುಖ, ಗುಳಿಬಿದ್ದ ಕಣ್ಣು, ಕೆದರಿದ ಕೂದಲು. ಆ ಭೂತದ ಹೆಸರು ಎಡ್ಡಿ. ಡೆರೆಕ್ ರಿಗ್ಸ್ ಅನ್ನೋ ಕಲಾವಿದ ಬರೆದ ಚಿತ್ರ. ಬ್ಯಾಂಡ್‌ನವರ ಮುಖಕ್ಕಿಂತ ಎಡ್ಡಿಯ ಮುಖಾನೇ ಜನಕ್ಕೆ ಹೆಚ್ಚು ಪರಿಚಯ.

ನಾನು ಇಪ್ಪತ್ತು ವರ್ಷದಿಂದ ಇವರ ಅಭಿಮಾನಿ. "ಸರ್, ಇನ್ನೂ ಅದನ್ನೇ ಕೇಳ್ತೀರಾ?" ಅಂತ ಆಫೀಸಲ್ಲಿ ಹುಡುಗರು ಕೇಳ್ತಾರೆ. "ಆ ಕಿರುಚಾಟದಲ್ಲಿ ಅಂಥದ್ದೇನಿದೆಯಪ್ಪಾ?" ಅಂತ ಮನೇಲಿ ಅಮ್ಮ ಕೇಳ್ತಾರೆ. ಎರಡೂ ನ್ಯಾಯವಾದ ಪ್ರಶ್ನೆಗಳೇ. ಇವತ್ತು ಉತ್ತರ ಹೇಳೋಕೆ ಪ್ರಯತ್ನ ಮಾಡ್ತೀನಿ. ಚುಟುಕಾಗಿ ಹೇಳೋದಾದ್ರೆ, ವೇದಿಕೆ ಮೇಲೆ ಬದುಕೋ ಬ್ಯಾಂಡ್‌ನ ಸಂಗೀತದಲ್ಲಿ ಅರ್ಧ ಮಾತ್ರ ಬ್ಯಾಂಡ್‌ನದ್ದು. ಉಳಿದರ್ಧ ಎದುರಿಗೆ ನಿಂತ ಜನರದ್ದು. ವರ್ಷಗಟ್ಟಲೆ ಒಂದೇ ಬ್ಯಾಂಡ್ ಹಿಂದೆ ಹೋಗುವವರು ಆ ಉಳಿದರ್ಧವನ್ನ ಕಲೀತಾ ಇರ್ತಾರೆ.

ಕಥೆ ಗೊತ್ತಿಲ್ಲದವರಿಗೆ ಮೊದಲು ಎರಡು ನಿಮಿಷ. 1975ರ ಕ್ರಿಸ್‌ಮಸ್ ದಿನ ಸ್ಟೀವ್ ಹ್ಯಾರಿಸ್ ಅನ್ನೋ 19 ವರ್ಷದ ಹುಡುಗ ಪೂರ್ವ ಲಂಡನ್ನಿನಲ್ಲಿ ಈ ಬ್ಯಾಂಡ್ ಕಟ್ಟಿದ. ಅವನು ಬೇಸ್ ಗಿಟಾರ್ ನುಡಿಸ್ತಿದ್ದ, ಹಾಡನ್ನೂ ಬರೀತಿದ್ದ. ಶುರುವಿನ ವರ್ಷಗಳೆಲ್ಲ ಪಬ್‌ಗಳಲ್ಲೇ ಕಳೆದವು. ಮೊದಲ ಆಲ್ಬಮ್ ಬಂದಿದ್ದು 1980ರಲ್ಲಿ. 1981ರಲ್ಲಿ ಬ್ರೂಸ್ ಡಿಕಿನ್ಸನ್ ಗಾಯಕನಾಗಿ ಸೇರಿದ. ಮುಂದಿನ ವರ್ಷ ಬಂದ ಮೂರನೇ ಆಲ್ಬಮ್ ಬ್ರಿಟನ್ನಿನ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೆ ಹೋಯ್ತು. ರೇಡಿಯೋದಲ್ಲಿ ಹಗಲೂ ರಾತ್ರಿ ಬರೋ ಥರದ ಹಾಡುಗಳಲ್ಲ ಇವು. ಅದಕ್ಕೇ ಇವರು ಊರೂರು ತಿರುಗಿದರು. 1984-85ರ ಒಂದೇ ಪ್ರವಾಸದಲ್ಲಿ 187 ಷೋ ಕೊಟ್ಟರು. ಆಗ ಕಮ್ಯುನಿಸ್ಟ್ ಆಡಳಿತ ಇದ್ದ ಪೋಲೆಂಡ್‌ಗೂ ಸ್ಟೇಜ್ ಸಾಮಾನು ಪೂರ್ತಿ ಹೊತ್ಕೊಂಡು ಹೋದರು. ಜನರ ಎದುರಿಗೆ ಹೋಗಿ ನುಡಿಸು, ಅವರೇ ಇನ್ನೊಬ್ಬರನ್ನ ಕರ್ಕೊಂಡು ಬರ್ತಾರೆ ಅನ್ನೋದೇ ಇವರ ಲೆಕ್ಕ.

ಸರಿ, ಸದ್ದಿನ ವಿಷಯಕ್ಕೆ ಬರೋಣ. ಹ್ಯಾರಿಸ್ ಬೇಸ್ ನುಡಿಸೋದು ಪಿಕ್ ಹಿಡ್ಕೊಂಡು ಅಲ್ಲ, ಬರೀ ಬೆರಳಿಂದ. ಹೈಸ್ಕೂಲಿನ ಛಂದಸ್ಸು ನೆನಪಿದ್ಯಾ? ಗುರು, ಲಘು, ಲಘು. ಗುರು, ಲಘು, ಲಘು. ಮೇಷ್ಟ್ರು ಇದನ್ನ ಭ ಗಣ ಅಂತಿದ್ರಲ್ಲ, ಅದೇ. ಇದನ್ನೇ ನಿಲ್ಲಿಸದೆ ಜೋರಾಗಿ ಹೊಡೀತಾ ಹೋಗಿ, ಕುದುರೆ ನಾಗಾಲೋಟದಲ್ಲಿ ಓಡಿದ ಹಾಗೆ ಕೇಳುತ್ತೆ. ಮೆಟಲ್ ಸಂಗೀತದವರು ಇದಕ್ಕೆ ಗ್ಯಾಲಪ್ ಅಂತಾನೇ ಹೆಸರಿಟ್ಟಿದ್ದಾರೆ. 1983ರ 'ದಿ ಟ್ರೂಪರ್' ಹಾಡು ಕ್ರಿಮಿಯಾ ಯುದ್ಧದಲ್ಲಿ ಫಿರಂಗಿಗಳ ಎದುರಿಗೆ ನುಗ್ಗಿದ ಬ್ರಿಟಿಷ್ ಕುದುರೆ ಸವಾರರ ಬಗ್ಗೆ. ಅಲ್ಲಿ ಕುದುರೆ ಓಟ ಬೇಸ್ ಗಿಟಾರ್‌ನಲ್ಲೇ ಕೇಳುತ್ತೆ. ಇಂಗ್ಲಿಷ್ ಪದ ಒಂದೂ ಅರ್ಥ ಆಗದಿದ್ರೂ ಕಾಲು ತಾನಾಗೇ ಅಲ್ಲಾಡುತ್ತೆ.

ನನಗಂತೂ ಇದು ಪೂರ್ತಿ ಹೊಸ ಸದ್ದು ಅನ್ನಿಸಲಿಲ್ಲ. ನಾನು ಕುಂದಾಪುರದ ಕಡೆಯವನು, ಚಂಡೆ ಕೇಳಿ ಬೆಳೆದವನು. ನಮ್ಮ ಅಜ್ಜಯ್ಯನಿಗೆ ಆಟದ ಹುಚ್ಚು. ಆಟ ಅಂದ್ರೆ ಯಕ್ಷಗಾನ ಬಯಲಾಟ. ರಾತ್ರಿಯೆಲ್ಲ ಕೂತು ನೋಡಿ, ಬೆಳಗ್ಗೆ ಮನೆಗೆ ಬಂದು ಕಾಫಿ ಕುಡೀತಾ ಶುರು ಮಾಡೋರು: ನಿನ್ನೆ ಭಾಗವತರು ಆ ಪದ್ಯ ಎತ್ತಿಕೊಂಡಿದ್ದು ಹೇಗಿತ್ತು, ಚಂಡೆಯವರು ಎಲ್ಲಿ ಬಿಗಿ ಮಾಡಿದರು, ವೇಷಧಾರಿಗೆ ಯಾಕೆ ಕಳೆ ಕಟ್ಟಲಿಲ್ಲ. ಕಥೆ ಅವರಿಗೆ ನೂರು ಸಲ ಗೊತ್ತು. ಆದರೂ ಹೋಗೋರು. ಕಲಾವಿದರು ಬದಲಾದ್ರೂ ಪ್ರಸಂಗ ಅದೇ, ನೋಡೋರೂ ಅವರೇ. ರಂಗಸ್ಥಳದ ಎದುರು ಇಂಥ ನಾಲ್ಕು ಜನ ಕೂತಿದ್ದಾರೆ ಅಂದ್ರೆ ಮೇಲೆ ಕುಣಿಯೋರ ಕಾಲಿಗೂ ಬೇರೆ ಹುರುಪು ಬರುತ್ತೆ. ಅಭಿಮಾನಿ ಅನ್ನೋ ಪದದ ಅರ್ಥವನ್ನ ನಾನು ಕಲಿತಿದ್ದು ಅಲ್ಲಿ. ರಾಕ್ ಬ್ಯಾಂಡ್ ಆಮೇಲೆ ಬಂತು.

2004ರಲ್ಲಿ ಇಂಜಿನಿಯರಿಂಗ್ ಓದೋಕೆ ಬೆಂಗಳೂರಿಗೆ ಬಂದೆ. ಹಾಸ್ಟೆಲ್ ರೂಮ್‌ಮೇಟ್ ಹತ್ರ ಒಂದು ಎಂಪಿ3 ಸಿಡಿ ಇತ್ತು, ಅದರ ಮೇಲೆ ಮಾರ್ಕರ್‌ನಲ್ಲಿ ಬರೀ 'ಮೇಡನ್' ಅಂತ ಬರೆದಿತ್ತು. ಇಡೀ ಫ್ಲೋರ್‌ಗೆ ಅದೊಂದೇ ಸಿಡಿ, ಕೈಯಿಂದ ಕೈಗೆ ಹೋಗಿ ಗೀರು ಬಿದ್ದಿತ್ತು. ಬೆಂಗಳೂರು ಆಗಲೇ ರಾಕ್ ಊರು. ಥರ್ಮಲ್ ಅಂಡ್ ಎ ಕ್ವಾರ್ಟರ್, ಕ್ರಿಪ್ಟೋಸ್ ಥರದ ಇಲ್ಲಿನದೇ ಬ್ಯಾಂಡ್‌ಗಳು ತೊಂಬತ್ತರ ದಶಕದಿಂದ ನುಡಿಸ್ತಾ ಇದ್ದವು. ಕಾಲೇಜು ಹಬ್ಬಗಳಲ್ಲಿ ರಾಕ್ ಸ್ಪರ್ಧೆ ಇಲ್ಲದೇ ಇರ್ತಿರಲಿಲ್ಲ. ಆದರೆ ಮೇಡನ್ ಥರದ ಬ್ಯಾಂಡ್ ನಮ್ಮೂರಿಗೆ ಬರುತ್ತೆ ಅಂತ ಯಾರೂ ಅಂದ್ಕೊಂಡಿರಲಿಲ್ಲ.

ಬಂತು. 2007ರ ಮಾರ್ಚ್ 17, ಶನಿವಾರ, ಅರಮನೆ ಮೈದಾನ. ಶಿಲ್ಲಾಂಗ್‌ನಿಂದ ಮೂರು ದಿನ ರೈಲಲ್ಲಿ ಬಂದ ಹುಡುಗರು ನಮ್ಮ ಪಕ್ಕ ನಿಂತಿದ್ದರು. ಕೇರಳದವರು, ಕೋಲ್ಕತ್ತದವರು, ಎಲ್ಲರದ್ದೂ ಕರಿ ಟೀ ಶರ್ಟ್. ಮೊದಲು ದೆಹಲಿಯ ಪರಿಕ್ರಮ ಬ್ಯಾಂಡ್ ನುಡಿಸಿತು. ಹ್ಯಾರಿಸ್‌ನ ಮಗಳು ಲಾರೆನ್ ಹ್ಯಾರಿಸ್ ಕೂಡ ಹಾಡಿದಳು. ಪರಿಕ್ರಮದವರು ಅದೇ ವರ್ಷ ಜೂನ್‌ನಲ್ಲಿ ಇಂಗ್ಲೆಂಡಿನ ಡೌನ್‌ಲೋಡ್ ಉತ್ಸವದಲ್ಲಿ ನುಡಿಸಿದರು.

ಇನ್ನೊಂದು ವಿಷಯ. ಅದೇ ರಾತ್ರಿ ವೆಸ್ಟ್ ಇಂಡೀಸ್‌ನಲ್ಲಿ ವಿಶ್ವಕಪ್ ಪಂದ್ಯ ನಡೀತಿತ್ತು. ಭಾರತ ಬಾಂಗ್ಲಾದೇಶದ ಎದುರು ಸೋತ ಪಂದ್ಯ. ದ್ರಾವಿಡ್ ಕ್ಯಾಪ್ಟನ್, ನಮ್ಮೂರಿನವರೇ. ಮಾಮೂಲಿ ದಿನ ಆಗಿದ್ರೆ ಹಾಸ್ಟೆಲ್ಲಿಗೆ ಹಾಸ್ಟೆಲ್ಲೇ ಟಿವಿ ಎದುರು ಇರ್ತಿತ್ತು. ಆ ಮೈದಾನದಲ್ಲಿ ಎರಡು ಗಂಟೆ ಕಾಲ ನನ್ನ ಪಕ್ಕದಲ್ಲಿ ಒಬ್ಬನೂ ಸ್ಕೋರ್ ಎಷ್ಟು ಅಂತ ಕೇಳಲಿಲ್ಲ. ಬೆಂಗಳೂರಿನ ಹುಡುಗರಿಗೆ ಇದು ಸಣ್ಣ ವಿಷಯ ಅಲ್ಲ ಅಂತ ನಿಮಗೇ ಗೊತ್ತು.

ಹಳಬರಿಗೆ ಗೊತ್ತಿರೋ ಕೆಲವು ಗುರುತುಗಳನ್ನ ಆವತ್ತು ಕಲಿತೆ. ಷೋ ಶುರು ಆಗೋ ಮುಂಚೆ ಸ್ಪೀಕರ್‌ನಲ್ಲಿ ಯುಎಫ್‌ಓ ಅನ್ನೋ ಬೇರೆ ಬ್ಯಾಂಡ್‌ನ 'ಡಾಕ್ಟರ್ ಡಾಕ್ಟರ್' ಹಾಡು ಬರುತ್ತೆ. ಹೊಸಬರು ಅದನ್ನ ಸುಮ್ನೆ ಹಾಕಿರೋ ಹಾಡು ಅಂದ್ಕೋತಾರೆ. ಹಳಬರು ತಕ್ಷಣ ಬ್ಯಾಗು ಹೆಗಲಿಗೆ ಹಾಕಿ ಮುಂದೆ ಸರೀತಾರೆ, ಯಾಕಂದ್ರೆ ಇನ್ನು ಬ್ಯಾಂಡ್ ಬರೋದೇ. ಕೊನೆಗೆ ಮಾಂಟಿ ಪೈಥಾನ್ ಸಿನಿಮಾದ ಒಂದು ತಮಾಷೆ ಹಾಡು ಬರುತ್ತೆ. ಅದು ಬಂತು ಅಂದ್ರೆ ಇನ್ನು ಕಿರುಚಿ ಪ್ರಯೋಜನ ಇಲ್ಲ, ಮನೆಗೆ ಹೋಗಿ ಅಂತ ಅರ್ಥ. ನಮ್ಮಲ್ಲಿ ಮಂಗಳ ಪದ್ಯ ಹಾಡಿದ ಹಾಗೆ.

ಎಲ್ಲಕ್ಕಿಂತ ಮುಖ್ಯವಾದದ್ದು 'ಫಿಯರ್ ಆಫ್ ದಿ ಡಾರ್ಕ್'. 1992ರ ಹಾಡು. ಅದರಲ್ಲಿ ಗಿಟಾರ್ ನುಡಿಸೋ ಒಂದು ರಾಗ ಇದೆ, ಅದಕ್ಕೆ ಪದ ಇಲ್ಲ. ಸ್ಟುಡಿಯೋದಲ್ಲಿ ಮಾಡಿದ್ದನ್ನ ಕೇಳಿದ್ರೆ ಅದು ಬರೀ ಗಿಟಾರ್. ಷೋನಲ್ಲಿ ಆ ರಾಗವನ್ನ ಜನ ಹಾಡ್ತಾರೆ. ಓ, ಓ, ಅಂತ ಸಾವಿರಾರು ಗಂಟಲು ಒಟ್ಟಿಗೆ. ಬ್ರೆಜಿಲ್‌ನ ಜನ 2001ರಲ್ಲಿ ರಿಯೋದಲ್ಲಿ ಹಾಡಿದ್ದು ಲೈವ್ ಆಲ್ಬಮ್ಮಿನಲ್ಲಿ ಇದೆ, ಯೂಟ್ಯೂಬಲ್ಲೂ ಸಿಗುತ್ತೆ, ಹುಡುಕಿ ಕೇಳಿ. ನಾವು ಬೆಂಗಳೂರಲ್ಲಿ ಅದನ್ನೇ ಹಾಡಿದೆವು. ಪಕ್ಕದ ಶಿಲ್ಲಾಂಗ್ ಹುಡುಗನ ಭಾಷೆ ನನಗೆ ಬರಲ್ಲ, ನನ್ನದು ಅವನಿಗೆ ಬರಲ್ಲ. ಆ ರಾಗ ಇಬ್ಬರಿಗೂ ಬರ್ತಿತ್ತು. ಆಮೇಲೆ ಸ್ಟುಡಿಯೋದ ಹಾಡು ಕೇಳಿದಾಗೆಲ್ಲ ಏನೋ ಕಮ್ಮಿ ಅನ್ಸೋಕೆ ಶುರು ಆಯ್ತು. ಕಮ್ಮಿ ಇರೋದು ನಾವು. ನಾನು ಅರ್ಧ ಅರ್ಧ ಅಂದಿದ್ದು ಇದಕ್ಕೇ.

2009ರ ಫೆಬ್ರವರಿ 15ಕ್ಕೆ ಅದೇ ಮೈದಾನಕ್ಕೆ ಇನ್ನೊಮ್ಮೆ ಬಂದರು. ನಾನು ಅವರನ್ನ ಎದುರಿಗೆ ನೋಡಿದ್ದು ಅದೇ ಕೊನೆ.

ಈಗ ಕಷ್ಟದ ಭಾಗ. ಬ್ಯಾಂಡ್ ಚೆನ್ನಾಗಿದ್ದಾಗ ಅಭಿಮಾನಿ ಆಗೋದು ಸುಲಭ. ತೊಂಬತ್ತರ ದಶಕದಲ್ಲಿ ಡಿಕಿನ್ಸನ್ ಬ್ಯಾಂಡ್ ಬಿಟ್ಟು ಹೋದ. 1994ರಲ್ಲಿ ಬ್ಲೇಜ್ ಬೇಲಿ ಬಂದ. ಅವನ ದನಿಯ ಜಾಡೇ ಬೇರೆ, ಹಳೇ ಹಾಡಿನ ಎತ್ತರದ ಸ್ವರಗಳಿಗೆ ಒಗ್ಗುತ್ತಿರಲಿಲ್ಲ. ಸಭಾಂಗಣಗಳು ಸಣ್ಣದಾದವು. ಆಗಲೂ ಒಂದಷ್ಟು ಜನ ಟಿಕೆಟ್ ತಗೊಂಡು ಬರ್ತಾನೇ ಇದ್ದರು. 1999ರಲ್ಲಿ ಡಿಕಿನ್ಸನ್ ಜೊತೆಗೆ ಗಿಟಾರಿಸ್ಟ್ ಏಡ್ರಿಯನ್ ಸ್ಮಿತ್ ಕೂಡ ವಾಪಸ್ ಬಂದಾಗ, ಅಲ್ಲಿದ್ದ ಗಿಟಾರಿಸ್ಟ್ ಒಬ್ಬನನ್ನೂ ಕಳಿಸಲಿಲ್ಲ. ಎರಡರ ಬದಲು ಮೂರು ಗಿಟಾರ್ ಇಟ್ಕೊಂಡರು. ನಾವು 2007ರಲ್ಲಿ ನೋಡಿದ ಮೇಡನ್ ಇದೇ. ಆ ಕೆಟ್ಟ ಐದು ವರ್ಷ ಬಂದು ನಿಂತ ಜನ ಇಲ್ಲದಿದ್ರೆ ನಮಗೆ ಈ ಬ್ಯಾಂಡ್ ಸಿಗ್ತಿತ್ತಾ? ನನಗೆ ಅನುಮಾನ.

ಆಮೇಲೆ ಕಾಯಿಲೆಗಳು. 2015ರ ಫೆಬ್ರವರಿಯಲ್ಲಿ ಸುದ್ದಿ ಬಂತು, ಡಿಕಿನ್ಸನ್‌ಗೆ ನಾಲಿಗೆಯ ಹಿಂಭಾಗದಲ್ಲಿ ಕ್ಯಾನ್ಸರ್ ಗಡ್ಡೆ ಅಂತ. ಹಾಡೋ ಮನುಷ್ಯನಿಗೆ ನಾಲಿಗೆ! ಕಿಮೋ, ರೇಡಿಯೇಶನ್ ಎಲ್ಲ ಆಯ್ತು. ಅದೇ ಮೇ ತಿಂಗಳಲ್ಲಿ ವಾಸಿಯಾಯ್ತು ಅಂದರು. ಮುಂದಿನ ವರ್ಷ ಹೊಸ ಪ್ರವಾಸ. ಅವನು ವಿಮಾನ ಪೈಲಟ್ ಕೂಡ. ಬ್ಯಾಂಡ್, ಸಿಬ್ಬಂದಿ, ಸ್ಟೇಜ್ ಸಾಮಾನು ಎಲ್ಲ ತುಂಬಿದ ಬೋಯಿಂಗ್ 747 ಅನ್ನ ದೇಶದಿಂದ ದೇಶಕ್ಕೆ ತಾನೇ ಹಾರಿಸಿಕೊಂಡು ಹೋದ, ರಾತ್ರಿ ಸ್ಟೇಜ್ ಮೇಲೆ ಓಡಾಡಿ ಹಾಡಿದ.

ಡ್ರಮ್ಮರ್ ನಿಕೋ ಮೆಕ್‌ಬ್ರೇನ್ ಕಥೆ ನನ್ನನ್ನ ಇನ್ನೂ ಹೆಚ್ಚು ತಟ್ಟಿತು. 2023ರ ಜನವರಿಯಲ್ಲಿ ಅವರಿಗೆ ಸ್ಟ್ರೋಕ್ ಆಯ್ತು. ಬಲಗೈ ಸ್ವಾಧೀನ ತಪ್ಪಿತು. ವಯಸ್ಸು ಎಪ್ಪತ್ತು. ಅದೇ ವರ್ಷ ಮೇ ಕೊನೆಗೆ ಪ್ರವಾಸ ಶುರು ಆಗಬೇಕಿತ್ತು, ಆಯ್ತು, ಅವರೇ ಡ್ರಮ್ಸ್ ಹಿಂದೆ ಕೂತರು. ವಿಷಯ ಹೊರಗೆ ಹೇಳಿದ್ದು ಆಗಸ್ಟ್‌ನಲ್ಲಿ. ಕೆಲವು ಹಾಡುಗಳಲ್ಲಿ ಮೊದಲಿನ ವೇಗದ ಹೊಡೆತ ಬರ್ತಿರಲಿಲ್ಲ, ಬದಲಾಯಿಸಿಕೊಂಡು ನುಡಿಸ್ತಿದ್ದರು. ನಾನು ಆ ವಿಡಿಯೋ ನೋಡಿದೆ. ನಲವತ್ತು ವರ್ಷದಿಂದ ಒಂದು ಜಾಗದಲ್ಲಿ ಒಂದು ಹೊಡೆತ ಬರ್ತಿತ್ತು, ಈಗ ಅಲ್ಲಿ ಬೇರೆ ಏನೋ. ಕಿವಿಗೆ ತಕ್ಷಣ ಗೊತ್ತಾಯ್ತು. ಎದುರಿಗಿದ್ದ ಜನ ಆ ಜಾಗದಲ್ಲಿ ಇನ್ನೂ ಜೋರಾಗಿ ಕಿರುಚ್ತಾ ಇದ್ದರು. 2024ರ ಡಿಸೆಂಬರ್ 7ಕ್ಕೆ ಬ್ರೆಜಿಲ್‌ನ ಸಾವೊ ಪಾಲೊದಲ್ಲಿ ಅವರ ಕೊನೇ ಷೋ. 72 ವರ್ಷ. 1982ರ ಕೊನೆಗೆ ಬ್ಯಾಂಡ್ ಸೇರಿದವರು. ನಮ್ಮ ಹಾಸ್ಟೆಲ್ ವಾಟ್ಸ್ಯಾಪ್ ಗ್ರೂಪಲ್ಲಿ ಆವತ್ತು ಯಾರೂ ಮೀಮ್ ಹಾಕಲಿಲ್ಲ.

ಯಾಕೆ ಅಷ್ಟು ಬೇಜಾರಾಯ್ತು ಅಂತ ಯೋಚನೆ ಮಾಡಿದ್ದೀನಿ. ನಿಮ್ಮ ಬ್ಯಾಂಡ್‌ಗೆ ವಯಸ್ಸಾಗ್ತಿದೆ ಅಂದ್ರೆ ನಿಮಗೂ ಆಗ್ತಿದೆ ಅಂತ ಲೆಕ್ಕ. ಆವತ್ತು ಮೈದಾನದಲ್ಲಿ ನಾವು ಐದು ಜನ ಇದ್ವಿ. ಒಬ್ಬನಿಗೆ ಮಂಡಿ ನೋವು. ಒಬ್ಬ ಸಂಗೀತ ಕೇಳೋದನ್ನೇ ಬಿಟ್ಟ. ಇನ್ನೊಬ್ಬನಿಗೆ ಕಿವಿಯಲ್ಲಿ ಸದಾ ಗುಂಯ್ ಅನ್ನೋ ಸದ್ದು. ಇದನ್ನ ಇಯರ್‌ಫೋನಲ್ಲಿ ಕೇಳ್ತಾ ಇರೋ ನಿಮಗೆ ಒಂದು ಮಾತು: ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಸಂಗೀತದ ಜಾಗಗಳಿಗೆ ಒಂದು ಮಾನದಂಡ ಹೇಳಿತು, 15 ನಿಮಿಷದ ಸರಾಸರಿ 100 ಡೆಸಿಬಲ್ ದಾಟಬಾರದು ಅಂತ. ಜೋರು ಷೋಗಳಲ್ಲಿ ಸ್ಪೀಕರ್ ಪಕ್ಕ ಅದು ಸುಲಭವಾಗಿ ದಾಟುತ್ತೆ. ಇಯರ್‌ಪ್ಲಗ್ ಸಿಗುತ್ತೆ, ಜೇಬಲ್ಲಿ ಇಟ್ಕೊಳ್ಳಿ. ಹಾಡು ಹಾಳಾಗಲ್ಲ, ಪದ ಇನ್ನೂ ಬಿಡಿಸಿ ಕೇಳುತ್ತೆ. ಇಪ್ಪತ್ತು ವರ್ಷ ಅಭಿಮಾನಿ ಆಗಿರಬೇಕು ಅಂದ್ರೆ ಕಿವಿಯೂ ಇಪ್ಪತ್ತು ವರ್ಷ ಇರಬೇಕಲ್ವಾ?

ಐವತ್ತನೇ ವರ್ಷದ ಪ್ರವಾಸ 2025ರ ಮೇನಲ್ಲಿ ಬುಡಾಪೆಸ್ಟ್‌ನಿಂದ ಶುರು ಆಯ್ತು. ಹೊಸ ಡ್ರಮ್ಮರ್ ಸೈಮನ್ ಡಾಸನ್. ಹಾಡುಗಳು 1980ರಿಂದ 1992ರವರೆಗಿನ ಆಲ್ಬಮ್‌ಗಳದ್ದು ಮಾತ್ರ. ನನಗೆ ಹೋಗೋಕೆ ಆಗಲಿಲ್ಲ. ವೀಸಾ, ಟಿಕೆಟ್, ಮನೆ ಸಾಲದ ಇಎಂಐ, ಮಗಳ ಸ್ಕೂಲ್ ಫೀಸು, ಎಲ್ಲ ಒಂದು ಹಾಳೆ ಮೇಲೆ ಬರೆದೆ, ಮಡಚಿ ಇಟ್ಟೆ. ನಮ್ಮ ಐವರಲ್ಲಿ ಜರ್ಮನಿಯಲ್ಲಿ ಕೆಲಸ ಮಾಡೋ ಒಬ್ಬ ಅಲ್ಲೇ ಒಂದು ಷೋಗೆ ಹೋದ. ಆ ರಾತ್ರಿ ನಾನು ನಿದ್ದೆ ಬಿಟ್ಟು ಮೆಸೇಜ್ ಮಾಡಿದೆ, "ವಿಡಿಯೋ ಕಳಿಸೋ ಮಗಾ." ಉತ್ತರ ಬರಲಿಲ್ಲ. ಮಾರನೇ ದಿನ ಫೋನ್ ಮಾಡಿದ. "ವಿಡಿಯೋ ಇಲ್ಲ ಮಗಾ. ಫೋನ್ ಆಚೆ ತೆಗೀಲೇ ಇಲ್ಲ. ಕೂತ್ಕೋ, ಹೇಳ್ತೀನಿ."

ಈ ಪ್ರವಾಸ ಶುರು ಆಗೋ ಮುಂಚೆ ಮೇಡನ್‌ನ ಮ್ಯಾನೇಜರ್ ರಾಡ್ ಸ್ಮಾಲ್‌ವುಡ್ ಅಭಿಮಾನಿಗಳಿಗೆ ಒಂದು ವಿನಂತಿ ಮಾಡಿದ್ದರು, ದಯವಿಟ್ಟು ಫೋನ್ ಬಳಕೆ ಆದಷ್ಟು ಕಮ್ಮಿ ಮಾಡಿ ಅಂತ. ಕೆಲವರು ಬೈದರು, ದುಡ್ಡು ಕೊಟ್ಟಿದ್ದೀವಿ, ನಮ್ಮಿಷ್ಟ ಅಂತ. ನಾನು ಫೋನ್ ವಿರೋಧಿ ಅಲ್ಲ. ನನ್ನ ಮಾತು ನಿಮಗೆ ತಲುಪ್ತಾ ಇರೋದೇ ಫೋನಿಂದ. 2007ರಲ್ಲಿ ನಾವೇನೂ ಸಂತರಾಗಿರಲಿಲ್ಲ. ಮೊದಲ ಐಫೋನ್ ಅಮೆರಿಕದ ಅಂಗಡಿಗೆ ಬಂದಿದ್ದೇ ಆ ವರ್ಷ ಜೂನ್‌ನಲ್ಲಿ. ನಮ್ಮ ಜೇಬಲ್ಲಿ ಇದ್ದಿದ್ದು ಟಾರ್ಚ್ ಇರೋ ನೋಕಿಯಾ. ಅದರಲ್ಲಿ ವಿಡಿಯೋ ಬರ್ತಿರಲಿಲ್ಲ, ಅದಕ್ಕೇ ಕೈ ಖಾಲಿ ಇತ್ತು. ಈಗ ಕೈ ಖಾಲಿ ಇಡಬೇಕು ಅಂದ್ರೆ ಮನಸ್ಸು ಮಾಡಬೇಕು. ಒಂದು ಲೆಕ್ಕ ಹಾಕಿ ನೋಡಿ: ಸಂಗೀತದ ಅರ್ಧ ನಮ್ಮಿಂದ ಬರಬೇಕು ಅಂತಾದ್ರೆ, ರೆಕಾರ್ಡ್ ಮಾಡ್ತಾ ನಿಂತವನು ಕೈ ಎತ್ತಿ ಚಪ್ಪಾಳೆ ಹೊಡೆಯಲ್ಲ, ತನ್ನ ದನಿ ರೆಕಾರ್ಡ್ ಆಗುತ್ತೆ ಅಂತ ಹಾಡೋದೂ ಇಲ್ಲ. ಮೈದಾನದಲ್ಲಿ ಅರ್ಧ ಜನ ಹೀಗೆ ನಿಂತರೆ ಸ್ಟೇಜಿಗೆ ಏನು ವಾಪಸ್ ಹೋಗುತ್ತೆ?

ಗೆಳೆಯ ಒಂದೂವರೆ ಗಂಟೆ ಹೇಳಿದ. ಹೊಸ ಡ್ರಮ್ಮರ್ ಕೈ ಬೇರೆ, ಗೊತ್ತಾಗುತ್ತೆ ಅಂದ. ಹ್ಯಾರಿಸ್ ಇನ್ನೂ ಮಾನಿಟರ್ ಮೇಲೆ ಕಾಲಿಟ್ಟು, ಬೇಸನ್ನ ಬಂದೂಕಿನ ಥರ ಜನರ ಕಡೆ ತಿರುಗಿಸಿ, ಪ್ರತಿ ಪದಕ್ಕೂ ತುಟಿ ಆಡಿಸ್ತಾನೆ ಅಂದ. ಪಕ್ಕದಲ್ಲಿ ಒಬ್ಬ ಅಜ್ಜ ಮೊಮ್ಮಗನನ್ನ ಹೆಗಲ ಮೇಲೆ ಕೂರಿಸಿಕೊಂಡಿದ್ದ ಅಂದ. 'ಫಿಯರ್ ಆಫ್ ದಿ ಡಾರ್ಕ್' ಬಂತಾ ಅಂತ ಕೇಳಿದೆ. ಕೊನೇಲಿ ಬಂತು ಅಂದ, ಆ ರಾಗವನ್ನ ಫೋನಲ್ಲೇ ಹಾಡಿದ. ಕೆಟ್ಟ ಶೃತಿ. ನಾನೂ ಹಾಡಿದೆ. ಮಗಳು ಬಾಗಿಲಲ್ಲಿ ನಿಂತು, "ಅಪ್ಪ, ಏನಾಯ್ತು?" ಅಂದಳು. ನಮ್ಮಜ್ಜಯ್ಯ ಬೆಳಗ್ಗೆ ಕಾಫಿ ಕುಡೀತಾ ಆಟದ ವಿಷಯ ಹೇಳ್ತಿದ್ದದ್ದು ಹೀಗೇ. ಅವನು ವಿಡಿಯೋ ಕಳಿಸಿದ್ರೆ ನಾನು ನಲವತ್ತು ಸೆಕೆಂಡ್ ನೋಡಿ ಒಂದು ಎಮೋಜಿ ಹಾಕಿ ಮಲಗ್ತಿದ್ದೆ.

ನಾನು ಮೇಡನ್‌ನ ಇನ್ನೊಮ್ಮೆ ಎದುರಿಗೆ ನೋಡ್ತೀನೋ ಇಲ್ಲವೋ. ಬಹುಶಃ ಇಲ್ಲ. ಹಾಗಂತ ಕಲಿತದ್ದು ವ್ಯರ್ಥ ಆಗಬೇಕಾಗಿಲ್ಲ. ಈಗ ತಿಂಗಳಿಗೊಮ್ಮೆ ಬೆಂಗಳೂರಲ್ಲೇ ಯಾವುದಾದ್ರೂ ಸಣ್ಣ ಬ್ಯಾಂಡ್‌ನ ಷೋಗೆ ಮಗಳನ್ನ ಕರ್ಕೊಂಡು ಹೋಗ್ತೀನಿ. ಎದುರಿಗೆ ಅರವತ್ತು ಜನ ಇರ್ತಾರೆ, ಕೆಲವೊಮ್ಮೆ ಇಪ್ಪತ್ತು. ಅಂಥ ಕಡೆ ನಮ್ಮ ಪಾಲು ಇನ್ನೂ ದೊಡ್ಡದು. ಸ್ಟೇಡಿಯಂನಲ್ಲಿ ನೀವೊಬ್ಬರು ಸುಮ್ನೆ ನಿಂತ್ರೆ ಯಾರಿಗೂ ಗೊತ್ತಾಗಲ್ಲ. ಇಪ್ಪತ್ತು ಜನರಲ್ಲಿ ನಾಲ್ಕು ಜನ ಹಾಡಿದ್ರೂ ಡ್ರಮ್ಮರ್ ತಲೆ ಎತ್ತಿ ನೋಡ್ತಾನೆ.

ಹಾಗಾಗಿ ನನ್ನದೊಂದು ಸಲಹೆ. ನಿಮ್ಮೂರಲ್ಲಿ ನುಡಿಸೋ ಒಂದು ಬ್ಯಾಂಡ್ ಆರಿಸ್ಕೊಳ್ಳಿ. ಮಂಗಳೂರು, ಮೈಸೂರು, ಹುಬ್ಬಳ್ಳಿ, ಎಲ್ಲಾದ್ರೂ ಸರಿ. ಒಂದು ಸಲ ಅಲ್ಲ, ಮೂರು ಸಲ ಹೋಗಿ. ಮೊದಲ ಸಲ ಗೊತ್ತಿರೋ ಹಾಡು ಮಾತ್ರ ಕಿವಿಗೆ ಬೀಳುತ್ತೆ. ಎರಡನೇ ಸಲ ಯಾರು ಯಾರನ್ನ ನೋಡಿ ತಾಳ ಹಿಡೀತಾರೆ, ಯಾರು ತಪ್ಪಿದಾಗ ಯಾರು ಎತ್ತಿಕೊಳ್ತಾರೆ ಅಂತ ಕಾಣುತ್ತೆ. ಮೂರನೇ ಸಲ ಹೋಗುವಾಗ ನಿಮ್ಮ ಜಾಗ ಯಾವುದು, ಎಲ್ಲಿ ಚಪ್ಪಾಳೆ, ಎಲ್ಲಿ ದನಿ ಸೇರಿಸಬೇಕು ಅಂತ ನಿಮಗೇ ಗೊತ್ತಿರುತ್ತೆ. ಒಂದು ಹಾಡು ರೆಕಾರ್ಡ್ ಮಾಡಿ, ಪರವಾಗಿಲ್ಲ. ಉಳಿದದ್ದಕ್ಕೆ ಫೋನ್ ಜೇಬಲ್ಲಿ ಇರಲಿ. ಮಾರನೇ ದಿನ ಬರೋಕೆ ಆಗದೇ ಇದ್ದ ಗೆಳೆಯನಿಗೆ ಫೋನ್ ಮಾಡಿ, ಬಾಯಲ್ಲಿ ಹೇಳಿ.

ಇವತ್ತಿಗೆ ಇಷ್ಟೇ. ನೀವು ಇತ್ತೀಚೆಗೆ ಎದುರಿಗೆ ನಿಂತು ಕೇಳಿದ ಬ್ಯಾಂಡ್ ಯಾವುದು ಅಂತ ನಮಗೆ ವಾಯ್ಸ್ ಮೆಸೇಜ್ ಕಳಿಸಿ. ಹಾಡಿ ಕಳಿಸಿದ್ರೂ ಆಯ್ತು, ಶೃತಿ ಕೆಟ್ಟಿದ್ರೂ ಪರವಾಗಿಲ್ಲ.